ಇ.ಇ.ಜಿ. ಪರೀಕ್ಷೆ: ಪೇಸ್ಟು ಹಚ್ಚದೆ ಆದೀತೇ?

ಮಳೆಗಾಲದ ಒಂದು ಸಂಜೆ ಬೈಂದೂರಿನ ಒಳಭಾಗದ ಹಳ್ಳಿಯೊಂದರಿಂದ ತಾಯಿಯೊಬ್ಬರು ತಮ್ಮ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ತಾಯಿ ಗೇರುಬೀಜದ ಕಾರ್ಖಾನೆಗೆ ಹೋಗುವವರು. ತಂದೆಗೆ ಬೆಂಗಳೂರಿನಲ್ಲಿ ಹೋಟೆಲ್ ಕೆಲಸ. ಮಗುವಿಗೆ ಜ್ವರವಿಲ್ಲ, ಕೆಮ್ಮಿಲ್ಲ. ಶಾಲೆಯ ಟೀಚರ್ ಹೇಳಿ ಕಳುಹಿಸಿದ್ದು ಇಷ್ಟೇ: "ಪಾಠ ಕೇಳುವುದಿಲ್ಲ, ಎಲ್ಲೋ ನೋಡುತ್ತಾ ಕುಳಿತಿರುತ್ತಾಳೆ." ತಾಯಿ ಉಕ್ತಲೇಖನದ ಪುಸ್ತಕ ತಂದಿದ್ದರು. ಅಕ್ಷರ ಮುತ್ತಿನಂತಿತ್ತು. ಆದರೆ ಪ್ರತಿ ಪುಟದಲ್ಲೂ ನಡುನಡುವೆ ಮೂರು ನಾಲ್ಕು ಶಬ್ದಗಳು ಮಾಯವಾಗಿದ್ದವು. ಮನೆಯಲ್ಲಿ ಊಟ ಮಾಡುವಾಗಲೂ ಕೆಲವೊಮ್ಮೆ ತುತ್ತು ಕೈಯಲ್ಲೇ ನಿಂತುಬಿಡುತ್ತದೆ, ಕರೆದರೆ ಓಗೊಡುವುದಿಲ್ಲ, ಮತ್ತೆ ಏನೂ ಆಗದಂತೆ ಉಣ್ಣುತ್ತಾಳೆ ಎಂದರು.

ಮಗುವಿನ ಕೈಗೆ ಕಾಗದದ ಗಿರಿಗಿಟ್ಲೆಯೊಂದನ್ನು ಕೊಟ್ಟು, ನಿಲ್ಲಿಸದೆ ಊದುತ್ತಿರು ಎಂದೆ. ಎರಡು ನಿಮಿಷ ಊದಿರಬೇಕು, ಗಿರಿಗಿಟ್ಲೆ ನಿಂತಿತು. ಕಣ್ಣು ಒಂದೇ ಕಡೆ ನೆಟ್ಟಿತು, ರೆಪ್ಪೆ ಸಣ್ಣಗೆ ಅದುರಿತು. ಸುಮಾರು ಹತ್ತು ಸೆಕೆಂಡು. ನಂತರ ಮಗು ಮೊದಲಿನಂತೆಯೇ ಊದತೊಡಗಿತು. ಇದು ಅಪಸ್ಮಾರದ ಒಂದು ಬಗೆ ಇರಬೇಕೆಂದು ನನಗೆ ಅನಿಸಿತು. ಕೈಕಾಲು ಸೆಳೆಯುವುದಿಲ್ಲ, ಬಾಯಲ್ಲಿ ನೊರೆ ಬರುವುದಿಲ್ಲ, ಕೆಲವೇ ಸೆಕೆಂಡು ಎಚ್ಚರ ತಪ್ಪುತ್ತದೆ ಅಷ್ಟೆ. ಖಚಿತಪಡಿಸಿಕೊಳ್ಳಲು ಇ.ಇ.ಜಿ. ಪರೀಕ್ಷೆ ಮಾಡಿಸಬೇಕು ಎಂದಾಗ ತಾಯಿ ಕೇಳಿದರು, "ಮಂಡಿಗೆ ಕರೆಂಟ್ ಕೊಡ್ತ್ರಾ ಡಾಕ್ಟ್ರೇ?" ಇಲ್ಲ ಎಂದು ಧೈರ್ಯ ಹೇಳಿ ಚೀಟಿ ಬರೆದುಕೊಟ್ಟೆ.

ಅವರು ಹೋದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮೊದಲ ಬಸ್ಸು ಹಿಡಿದು ಹೋದರು. ದೊಡ್ಡ ಆಸ್ಪತ್ರೆಗೆ ಹೋಗುವ ಮಗು ಚಂದ ಕಾಣಲಿ ಎಂದು ಅಜ್ಜಿ ಹಿಂದಿನ ರಾತ್ರಿಯೇ ತಲೆತುಂಬಾ ತೆಂಗಿನೆಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು, ಹೂವು ಮುಡಿಸಿದ್ದರು. ಆ ಎಣ್ಣೆಯ ಮೇಲೆ ಯಂತ್ರದ ತಂತಿಗಳು ನಿಲ್ಲಲಿಲ್ಲ. ಗೆರೆಗಳು ಸರಿಯಾಗಿ ಮೂಡಲಿಲ್ಲ. ತಲೆ ತೊಳೆದುಕೊಂಡು ಇನ್ನೊಂದು ದಿನ ಬನ್ನಿ ಎಂದು ಹೇಳಿ ಕಳುಹಿಸಿದರು. ಒಂದು ದಿನದ ಸಂಬಳ ಹೋಯಿತು, ಬಸ್ಸಿನ ದುಡ್ಡು ಹೋಯಿತು, ಮಗುವಿನ ಜಡೆಯಲ್ಲಿ ಬಿಳಿ ಪೇಸ್ಟು ಗಟ್ಟಿಯಾಗಿ ಉಳಿಯಿತು. ಬಸ್ಸಿನಲ್ಲಿ ಪರಿಚಯದವರು "ಎಂತ ಆಯ್ತ್ ಮಗುವಿಗೆ?" ಎಂದು ಕೇಳಿದರು. ತಾಯಿ ಮತ್ತೆ ನಾಲ್ಕು ತಿಂಗಳು ನನ್ನತ್ತ ಬರಲಿಲ್ಲ. ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ಶಾಲೆಯಿಂದ ಬರುವಾಗ ಮಗು ಹೆದ್ದಾರಿ ದಾಟುತ್ತಾ ನಡುರಸ್ತೆಯಲ್ಲಿ ನಿಂತುಬಿಟ್ಟಿತ್ತು. ಬಸ್ಸಿನ ಚಾಲಕ ಬ್ರೇಕು ಹಾಕಿದ್ದರಿಂದ ಉಳಿಯಿತು.

ಇದರಲ್ಲಿ ತಪ್ಪು ಆ ಆಸ್ಪತ್ರೆಯವರದ್ದಲ್ಲ, ಅಜ್ಜಿಯದ್ದೂ ಅಲ್ಲ. "ತಲೆಗೆ ಎಣ್ಣೆ ಹಚ್ಚಬೇಡಿ" ಎಂಬ ಒಂದು ಸಾಲನ್ನು ಚೀಟಿಯಲ್ಲಿ ಬರೆಯದೇ ಹೋದವನು ನಾನು. ಈ ವಾರದ ಲೇಖನ ಆ ಒಂದು ಸಾಲಿನ ಬಗ್ಗೆ. ಜೊತೆಗೆ, ಮುಂದೊಂದು ದಿನ ಆ ಸಾಲು ಇಷ್ಟು ಮುಖ್ಯವಾಗದಂತೆ ಮಾಡಲು ಜಗತ್ತಿನ ಹಲವೆಡೆ ನಡೆದಿರುವ ಪ್ರಯತ್ನವೊಂದರ ಬಗ್ಗೆ.

ಇ.ಇ.ಜಿ. ಎಂದರೇನು?

ನಮ್ಮ ಮಿದುಳಿನ ಕೋಟ್ಯಂತರ ನರಕೋಶಗಳು ಪರಸ್ಪರ ಮಾತನಾಡುವುದು ಅತಿ ಸಣ್ಣ ವಿದ್ಯುತ್ತಿನ ಮೂಲಕ. ಹೃದಯದ ವಿದ್ಯುತ್ತನ್ನು ಇ.ಸಿ.ಜಿ. ಬರೆದುಕೊಳ್ಳುವಂತೆ, ಮಿದುಳಿನ ವಿದ್ಯುತ್ತನ್ನು ತಲೆಯ ಚರ್ಮದ ಮೇಲಿನಿಂದ ಬರೆದುಕೊಳ್ಳುವ ಪರೀಕ್ಷೆಯೇ ಇ.ಇ.ಜಿ. ಯಂತ್ರವು ತಲೆಗೆ ಕರೆಂಟು ಕೊಡುವುದಿಲ್ಲ. ತಲೆಯಲ್ಲಿ ಇರುವುದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೆ. ನೋವಿಲ್ಲ, ಎಕ್ಸರೇಯಂತೆ ವಿಕಿರಣವೂ ಇಲ್ಲ. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಮಾಡಬಹುದು.

ನರಕೋಶ ಒಂದೊಂದರ ಮಾತು ಹೊರಗೆ ಕೇಳಿಸುವುದಿಲ್ಲ. ಹೊಳೆಯ ಆಚೆ ದಡದಲ್ಲಿ ಯಕ್ಷಗಾನ ನಡೆಯುತ್ತಿದ್ದರೆ ನಮ್ಮ ಮನೆಯ ಜಗಲಿಗೆ ಚೆಂಡೆಯ ಪೆಟ್ಟು ಕೇಳಿಸುತ್ತದೆ, ಅರ್ಥದಾರಿಯ ಮಾತು ಕೇಳಿಸುವುದಿಲ್ಲ. ಇ.ಇ.ಜಿ. ಕೂಡ ಹಾಗೆಯೇ. ಲಕ್ಷಾಂತರ ನರಕೋಶಗಳು ಒಟ್ಟಿಗೆ ತಾಳ ಹಾಕಿದಾಗ ಮಾತ್ರ ಅದಕ್ಕೆ ಕೇಳಿಸುತ್ತದೆ. ಎಚ್ಚರದಲ್ಲಿ ಒಂದು ತಾಳ, ಕಣ್ಣು ಮುಚ್ಚಿದಾಗ ಇನ್ನೊಂದು, ನಿದ್ದೆಯಲ್ಲಿ ಮತ್ತೊಂದು. ಅಪಸ್ಮಾರದಲ್ಲಿ ಈ ತಾಳ ಕೆಡುತ್ತದೆ. ನರಕೋಶಗಳ ಗುಂಪು ತಡೆಯಿಲ್ಲದೆ ಒಮ್ಮೆಲೇ ಬಾರಿಸತೊಡಗುತ್ತದೆ. ಆ ಚೂಪಾದ ಅಲೆಗಳು ಗೆರೆಗಳಲ್ಲಿ ಕಾಣಿಸಿಕೊಳ್ಳುತ್ತವೆ.

ಇ.ಇ.ಜಿ. ಮನಸ್ಸಿನ ಗುಟ್ಟನ್ನು ಓದುತ್ತದೆ ಎಂಬ ಭಯ ಕೆಲವರಿಗಿದೆ. ಆಸ್ಪತ್ರೆಯ ಪರೀಕ್ಷೆಯಲ್ಲಿ ಅಂತಹದ್ದೇನೂ ಇಲ್ಲ. ಅಪರಾಧ ತನಿಖೆಯಲ್ಲಿ ಮಿದುಳಿನ ವಿದ್ಯುತ್ತನ್ನು ಬಳಸುವ 'ಬ್ರೈನ್ ಮ್ಯಾಪಿಂಗ್' ಎಂಬುದು ಬೇರೆಯೇ ವಿಧಾನ. ಅದನ್ನು ಯಾರ ಮೇಲೂ ಒತ್ತಾಯದಿಂದ ಮಾಡುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ 2010ರಲ್ಲಿ ತೀರ್ಪಿತ್ತಿದೆ.

ಮನುಷ್ಯನ ಮಿದುಳಿನ ವಿದ್ಯುತ್ತನ್ನು ಮೊದಲು ಬರೆದುಕೊಂಡವರು ಜರ್ಮನಿಯ ಯೇನಾ ಪಟ್ಟಣದ ಮನೋವೈದ್ಯ ಹ್ಯಾನ್ಸ್ ಬರ್ಗರ್. ಅದು 1924ರಲ್ಲಿ. ಐದು ವರ್ಷ ಪರೀಕ್ಷೆ ಮಾಡಿ ಮಾಡಿ 1929ರಲ್ಲಷ್ಟೇ ಅವರು ಅದನ್ನು ಪ್ರಕಟಿಸಿದರು. ಮೊದಮೊದಲು ತಲೆಯ ಚರ್ಮದ ಅಡಿಗೆ ಲೋಹದ ಎಳೆ ತೂರಿಸಿ, ಆಮೇಲೆ ಬೆಳ್ಳಿಯ ತಗಡನ್ನು ತಲೆಗೆ ಕಟ್ಟಿ ಪ್ರಯೋಗ ಮಾಡಿದರು. ತಮ್ಮ ಮಗನ ತಲೆಯನ್ನೂ ಪರೀಕ್ಷೆಗೆ ಒಡ್ಡಿದರು. ಅಂದರೆ ಈ ವಿದ್ಯೆಯ ಮೊದಲ ದಿನದಿಂದಲೂ ಇರುವ ತಲೆನೋವು ಒಂದೇ: ತಂತಿಯನ್ನು ತಲೆಗೆ ಸರಿಯಾಗಿ ತಾಗಿಸುವುದು ಹೇಗೆ?

ಪೇಸ್ಟು ಏಕೆ ಬೇಕು?

ಮಿದುಳಿನ ವಿದ್ಯುತ್ತು ತಲೆಯ ಚರ್ಮಕ್ಕೆ ಬಂದು ಮುಟ್ಟುವಾಗ ಅದರ ಪ್ರಮಾಣ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಭಾಗ ಒಂದು ಮೈಕ್ರೋವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲಿನಲ್ಲಿ ಒಂದೂವರೆ ವೋಲ್ಟ್ ಇರುತ್ತದೆ. ಅದರ ಮೂವತ್ತು ಸಾವಿರದಲ್ಲಿ ಒಂದು ಪಾಲು ಎಂದರೆ ಇ.ಇ.ಜಿ.ಯ ಒಂದು ಅಲೆ. ಹೃದಯದ ಇ.ಸಿ.ಜಿ. ಕೂಡ ಇದಕ್ಕಿಂತ ಹತ್ತಾರು ಪಟ್ಟು ದೊಡ್ಡದು.

ಇಷ್ಟು ಸಣ್ಣ ಸಂಕೇತಕ್ಕೆ ಅಡ್ಡಿಗಳು ಹಲವು. ಮೊದಲನೆಯದು ಕೂದಲು. ಎರಡನೆಯದು ಎಣ್ಣೆ, ಎಣ್ಣೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಮೂರನೆಯದು ನಮ್ಮ ಚರ್ಮದ ಅತಿ ಹೊರಗಿನ ಪದರ. ಅದು ಸತ್ತ ಜೀವಕೋಶಗಳ ಒಣ ಪೊರೆ. ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಭಾಗ ಮಾತ್ರ, ಆದರೆ ವಿದ್ಯುತ್ತಿಗೆ ಅದೇ ದೊಡ್ಡ ಗೋಡೆ. ಟಾರ್ಚಿನ ಸೆಲ್ಲಿನ ತುದಿಗೆ ಕಿಲುಬು ಹಿಡಿದಾಗ ಸೆಲ್ಲು ಹೊಸದಾದರೂ ಬೆಳಕು ಮಿಣಮಿಣ ಎನ್ನುತ್ತದಲ್ಲವೇ? ಹಾಗೆ.

ಆದುದರಿಂದ ತಂತ್ರಜ್ಞರು ಟೇಪು ಹಿಡಿದು ತಲೆಯನ್ನು ಅಳೆದು, ಗುರುತು ಹಾಕಿ, ಕೂದಲು ಬೈತಲೆ ತೆಗೆದು, ಆ ಜಾಗವನ್ನು ತಿಕ್ಕಿ ಶುಚಿಮಾಡಿ, ಉಪ್ಪಿನಂಶವಿರುವ ಪೇಸ್ಟು ಹಚ್ಚಿ, ಅದರ ಮೇಲೆ ಲೋಹದ ಪುಟ್ಟ ಬಟ್ಟಲನ್ನು ಕೂರಿಸುತ್ತಾರೆ. ಈ ಬಟ್ಟಲಿಗೇ ಇಲೆಕ್ಟ್ರೋಡ್ ಎಂದು ಹೆಸರು. ಪಠ್ಯಪುಸ್ತಕದ ಕನ್ನಡದಲ್ಲಿ ವಿದ್ಯುದಗ್ರ. ಪೇಸ್ಟಿನ ಉಪ್ಪು ಸತ್ತ ಚರ್ಮದ ಪೊರೆಯನ್ನು ನೆನೆಸಿ ಲೋಹಕ್ಕೂ ಮೈಗೂ ನಡುವೆ ಸೇತುವೆ ಕಟ್ಟುತ್ತದೆ. 1958ರಲ್ಲಿ ಹರ್ಬರ್ಟ್ ಜಾಸ್ಪರ್ ಪ್ರಕಟಿಸಿದ ಕ್ರಮದಂತೆ ಇಂದಿಗೂ ಜಗತ್ತಿನಾದ್ಯಂತ ಕಿವಿಯವೂ ಸೇರಿ ಸಾಮಾನ್ಯವಾಗಿ 21 ಕಡೆ ಹೀಗೆ ಜೋಡಿಸುತ್ತಾರೆ. ಗೆರೆ ಬರೆಯಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು. ಜೋಡಿಸಲು ಹಲವು ಬಾರಿ ಅದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ.

ಪೇಸ್ಟಿನ ವಿಧಾನ ಹಳೆಯದು, ಆದರೆ ಇಂದಿಗೂ ಅತ್ಯಂತ ನಂಬಿಕೆಯದ್ದು. ಅದರ ತೊಂದರೆಗಳೂ ಇವೆ. ಕೈ ಪಳಗಿದ ತಂತ್ರಜ್ಞರು ಬೇಕು. ಅಳುವ ಮಗುವಿಗೆ, ಹಟ ಹಿಡಿಯುವ ವೃದ್ಧರಿಗೆ ಜೋಡಿಸುವುದು ಸುಲಭವಲ್ಲ. ಗಂಟೆಗಟ್ಟಲೆ ನೋಡಬೇಕಾದರೆ ಪೇಸ್ಟು ಒಣಗಿಹೋಗುತ್ತದೆ. ಪಕ್ಕದ ಎರಡು ಇಲೆಕ್ಟ್ರೋಡುಗಳ ಪೇಸ್ಟು ಹರಡಿ ಕೂಡಿಕೊಂಡರೆ ಎರಡೂ ಒಂದೇ ಆಗಿಬಿಡುತ್ತವೆ. ಕೊನೆಗೆ ಆ ಅಂಟನ್ನು ಉದ್ದ ಕೂದಲಿನಿಂದ ಬಿಡಿಸುವ ಕೆಲಸ ತಾಯಂದಿರಿಗೇ ಗೊತ್ತು.

ಒಣ ಇಲೆಕ್ಟ್ರೋಡುಗಳು

ಪೇಸ್ಟು ಇಲ್ಲದೆ, ಚರ್ಮ ತಿಕ್ಕದೆ, ಟೊಪ್ಪಿ ಹಾಕಿದಷ್ಟೇ ಸುಲಭವಾಗಿ ಇ.ಇ.ಜಿ. ತೆಗೆಯಲಾದೀತೇ? ಈ ಪ್ರಶ್ನೆಗೆ ಉತ್ತರವಾಗಿ ಬಂದವೇ ಒಣ ಇಲೆಕ್ಟ್ರೋಡುಗಳು. 1994ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಾಬಕ್ ತಾಹೇರಿ ಮತ್ತು ಸಂಗಡಿಗರು ಸ್ಟೇನ್‌ಲೆಸ್ ಸ್ಟೀಲಿನ ಪುಟ್ಟ ಬಿಲ್ಲೆಗಳಿಂದ ಇಂತಹ ಇಲೆಕ್ಟ್ರೋಡೊಂದನ್ನು ಮಾಡಿ ತೋರಿಸಿದರು. ಅಂದಿನಿಂದ ಇಂದಿನವರೆಗೆ ಹಲವು ದಾರಿಗಳಲ್ಲಿ ಪ್ರಯತ್ನ ಸಾಗಿದೆ.

ಮೊದಲ ದಾರಿ ಬಾಚಣಿಗೆಯದ್ದು. ಚಪ್ಪಟೆ ಬಿಲ್ಲೆಯ ಬದಲು ಮೊಂಡು ತುದಿಯ ಹಲ್ಲುಗಳಿರುವ ಇಲೆಕ್ಟ್ರೋಡು. ಹಲ್ಲುಗಳು ಕೂದಲಿನ ನಡುವೆ ನುಸುಳಿ ಚರ್ಮವನ್ನು ಮುಟ್ಟುತ್ತವೆ. ಅವುಗಳಿಗೆ ಚಿನ್ನದ ಅಥವಾ ಬೆಳ್ಳಿಯ ಲೇಪ ಇರುತ್ತದೆ. ಲೋಹದ ಹಲ್ಲು ಒತ್ತಿ ನೋಯುತ್ತದೆ ಎಂದು ಕೆಲವರು ವಿದ್ಯುತ್ತು ಹರಿಯುವಂತಹ ರಬ್ಬರಿನಿಂದ, ಮೆತ್ತನೆಯ ಬ್ರಷ್ಷಿನಂತೆ ಮಾಡಿದ್ದಾರೆ.

ಎರಡನೆಯದು ಸೂಕ್ಷ್ಮ ಸೂಜಿಗಳ ದಾರಿ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ಮುಳ್ಳುಗಳು ಸತ್ತ ಚರ್ಮದ ಪೊರೆಯನ್ನು ಮಾತ್ರ ದಾಟುತ್ತವೆ. ನೋವಿನ ನರಗಳು ಅದಕ್ಕಿಂತ ಕೆಳಗಿರುವುದರಿಂದ ಚುಚ್ಚಿದ ಅನುಭವ ಅಷ್ಟಾಗಿ ಆಗುವುದಿಲ್ಲ. ಆದರೆ ಕೂದಲು ದಟ್ಟವಿರುವಲ್ಲಿ ಇವು ಕಷ್ಟ. ಶುಚಿತ್ವದ ಎಚ್ಚರವೂ ಬೇಕು.

ಮೂರನೆಯದು ಯಂತ್ರದ ಕಿವಿಯನ್ನೇ ಚುರುಕು ಮಾಡುವುದು. ಪೇಸ್ಟು ಹಚ್ಚಿದಾಗ ಚರ್ಮ ಮತ್ತು ಲೋಹದ ನಡುವಿನ ವಿದ್ಯುತ್ ಅಡಚಣೆ 5 ಸಾವಿರ ಓಮ್‌ಗಿಂತ ಕಡಿಮೆ ಇರಲಿ ಎಂಬುದು ಹಳೆಯ ನಿಯಮ. ಈಗ 10 ಸಾವಿರದವರೆಗೂ ಒಪ್ಪುತ್ತಾರೆ. ಒಣ ಇಲೆಕ್ಟ್ರೋಡಿನಲ್ಲಿ ಇದು ಲಕ್ಷಗಳನ್ನು ಮುಟ್ಟುವುದುಂಟು. ಅಷ್ಟು ಅಡಚಣೆಯಿದ್ದರೂ ಸಂಕೇತ ಉಳಿಯಬೇಕಾದರೆ, ಪ್ರತಿಯೊಂದು ಇಲೆಕ್ಟ್ರೋಡಿನ ಬೆನ್ನಿಗೇ ಒಂದು ಪುಟ್ಟ ವರ್ಧಕವನ್ನು ಕೂರಿಸಬೇಕು. ಸಂಕೇತ ಉದ್ದ ತಂತಿಯಲ್ಲಿ ಸಾಗಿ, ಕೋಣೆಯ ಫ್ಯಾನು, ಟ್ಯೂಬ್‌ಲೈಟುಗಳ ಗದ್ದಲದಲ್ಲಿ ಮುಳುಗುವ ಮೊದಲೇ ಅದಕ್ಕೆ ಬಲ ಬರುತ್ತದೆ. ಇಂದಿನ ಒಣ ಇಲೆಕ್ಟ್ರೋಡುಗಳು ಕೆಲಸ ಮಾಡುವುದು ಬಹುಪಾಲು ಈ ಉಪಾಯದಿಂದ.

ಇವಲ್ಲದೆ ನಡುದಾರಿಯೊಂದಿದೆ. ಪೇಸ್ಟಿನ ಬದಲು ಉಪ್ಪುನೀರಿನಲ್ಲಿ ಅದ್ದಿದ ಸ್ಪಂಜು. ಅಂಟಿಲ್ಲ, ತೊಳೆಯುವ ಕಷ್ಟವಿಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲಿ ಆರಿಹೋಗುತ್ತದೆ.

ಕೂದಲಿನ ಪ್ರಶ್ನೆ ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಇರುವುದಲ್ಲ. ಆಫ್ರಿಕಾ ಮೂಲದವರ ಗುಂಗುರು, ದಟ್ಟ ಕೂದಲಿನಲ್ಲಿ ಸಾಮಾನ್ಯ ಇಲೆಕ್ಟ್ರೋಡುಗಳು ನಿಲ್ಲುವುದಿಲ್ಲ. ಇದನ್ನು ಗಮನಿಸಿದ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಆರ್ನೆಲ್ ಎಟಿಯೆನ್ ಅವರು, ಕೂದಲನ್ನು ಸಾಲುಸಾಲಾಗಿ ಹೆಣೆದು ಆ ಜಡೆಗಳ ಅಡಿಗೇ ಕ್ಲಿಪ್ಪಿನಂತೆ ಸಿಕ್ಕಿಸುವ ಇಲೆಕ್ಟ್ರೋಡನ್ನು ರೂಪಿಸಿದರು. ಆ ತಂಡದ ವರದಿ 2020ರಲ್ಲಿ ಬಂತು. ಕೂದಲಿಗೆ ತಕ್ಕಂತೆ ಯಂತ್ರ ಬದಲಾಗಬೇಕೇ ಹೊರತು ರೋಗಿಯಲ್ಲ ಎಂಬ ಈ ಯೋಚನೆ ನಮಗೂ ಬೇಕಾದದ್ದೇ.

ಕೊರತೆಗಳೂ ಇವೆ

ಹೊಸತೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ಪೇಸ್ಟು ಇಲೆಕ್ಟ್ರೋಡನ್ನು ತಲೆಗೆ ಅಂಟಿಸಿಯೂ ಇಡುತ್ತದೆ. ಒಣ ಇಲೆಕ್ಟ್ರೋಡು ನಿಂತಿರುವುದು ಟೊಪ್ಪಿಯ ಬಿಗಿತದಿಂದ ಮಾತ್ರ. ರೋಗಿ ತಲೆ ಆಡಿಸಿದರೆ, ಹಲ್ಲು ಕಚ್ಚಿದರೆ ಅದು ಜರುಗಿ ಗೆರೆಗಳು ಕೆಡುತ್ತವೆ. ಬಿಗಿ ಮಾಡಿದರೆ ಅರ್ಧ ಗಂಟೆಯಲ್ಲಿ ನೋವು. ಸೆಳೆತದ ಸಮಯದಲ್ಲೇ ದಾಖಲಾತಿ ಬೇಕಾದಾಗ, ಅಂದರೆ ಬಹಳ ಮುಖ್ಯವಾದ ಹೊತ್ತಿನಲ್ಲೇ, ಈ ದೋಷ ಹೆಚ್ಚು ಕಾಡುತ್ತದೆ.

ನಮ್ಮ ಕರಾವಳಿಯ ಬೆವರಿನ ವಿಚಾರ ಸ್ವಾರಸ್ಯಕರ. ಪೇಸ್ಟಿನ ಇ.ಇ.ಜಿ.ಗೆ ಬೆವರು ಶತ್ರು. ಬೆವರಿದರೆ ಗೆರೆಗಳು ಏರಿಳಿದು ತೇಲತೊಡಗುತ್ತವೆ. ಒಣ ಇಲೆಕ್ಟ್ರೋಡಿಗಾದರೋ ತುಸು ಬೆವರು ಮಿತ್ರ. ಅದರ ಅಡಿಯಲ್ಲಿ ಸಂಗ್ರಹವಾಗುವ ಉಪ್ಪಿನ ತೇವವೇ ಕೆಲವು ನಿಮಿಷಗಳಲ್ಲಿ ಸಂಪರ್ಕವನ್ನು ಉತ್ತಮಪಡಿಸುತ್ತದೆ. ಬೆವರು ಹೆಚ್ಚಾದರೆ ಮಾತ್ರ ಇಲ್ಲಿಯೂ ಅದೇ ತೊಂದರೆ. ಎಣ್ಣೆಯ ವಿಷಯದಲ್ಲಿ ಮಾತ್ರ ವ್ಯತ್ಯಾಸವಿಲ್ಲ. ತೆಂಗಿನೆಣ್ಣೆ ಒದ್ದೆ ಇಲೆಕ್ಟ್ರೋಡಿಗೂ ಶತ್ರು, ಒಣ ಇಲೆಕ್ಟ್ರೋಡಿಗೂ ಶತ್ರು.

ಇನ್ನೊಂದು ಎಚ್ಚರಿಕೆಯ ಮಾತು. ಹಣೆಗೆ ಕಟ್ಟಿಕೊಳ್ಳುವ ಪಟ್ಟಿಗಳು ಈಗ ಅಂಗಡಿಯಲ್ಲಿ, ಮೊಬೈಲಿನಲ್ಲಿ ಮಾರಾಟಕ್ಕಿವೆ. ಧ್ಯಾನಕ್ಕೆ, ನಿದ್ದೆಗೆ, ಮಕ್ಕಳ ಏಕಾಗ್ರತೆಗೆ ಎಂದೆಲ್ಲ ಹೇಳುತ್ತಾರೆ. ಇವುಗಳಲ್ಲಿ ಇರುವುದೂ ಒಣ ಇಲೆಕ್ಟ್ರೋಡುಗಳೇ. ಹಣೆಯಲ್ಲಿ ಕೂದಲಿಲ್ಲದ ಕಾರಣ ಅಲ್ಲಿ ತಾಗಿಸುವುದು ಸುಲಭ. ಆದರೆ ಹಣೆಯ ಒಂದೆರಡು ಬಿಂದುಗಳಿಂದ ಇಡೀ ಮಿದುಳು ಕಾಣುವುದಿಲ್ಲ. ಕಣ್ಣು ಮಿಟುಕಿದ್ದು, ಹುಬ್ಬು ಗಂಟಿಕ್ಕಿದ್ದೇ ಅದರಲ್ಲಿ ದೊಡ್ಡದಾಗಿ ಮೂಡುತ್ತದೆ. ಇವುಗಳನ್ನು ನೋಡಿ ರೋಗ ಇದೆಯೆಂದೋ ಇಲ್ಲವೆಂದೋ ತೀರ್ಮಾನಿಸುವುದು ಅಪಾಯ.

ನಮ್ಮ ಊರಿಗೆ ಇದರಿಂದ ಏನು?

ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ನಿಮ್ಹಾನ್ಸ್‌ನ ತಜ್ಞರು ಸಮೀಕ್ಷೆ ಮಾಡಿದ್ದರು. 2004ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ನಗರದಲ್ಲಿ ಸಾವಿರಕ್ಕೆ ಸುಮಾರು 6 ಜನರಿಗೆ ಅಪಸ್ಮಾರವಿದ್ದರೆ, ಹಳ್ಳಿಗಳಲ್ಲಿ ಸಾವಿರಕ್ಕೆ ಸುಮಾರು 12 ಜನರಿಗಿತ್ತು. ರೋಗ ಇರುವುದು ಹಳ್ಳಿಯಲ್ಲಿ ಹೆಚ್ಚು, ಯಂತ್ರ ಇರುವುದು ಪಟ್ಟಣದಲ್ಲಿ. ಬ್ರಹ್ಮಾವರದವರಿಗೆ ಮಣಿಪಾಲ ಹತ್ತಿರ. ಕುಂದಾಪುರದವರು ಬೆಳಿಗ್ಗೆ ಹೋಗಿ ಮಧ್ಯಾಹ್ನ ಮರಳಬಹುದು. ಕೊಲ್ಲೂರಿನ ಕಡೆಯ, ಶಿರೂರಿನ ಕಡೆಯ ಕೂಲಿ ಕುಟುಂಬಕ್ಕೆ ಅದು ಒಂದು ದಿನದ ದುಡಿಮೆ ಬಿಟ್ಟು ಮಾಡುವ ಪ್ರಯಾಣ.

ಬೆನ್ನಿನ ಚೀಲದಲ್ಲಿ ಹಿಡಿಸುವ, ಐದು ಹತ್ತು ನಿಮಿಷದಲ್ಲಿ ತಲೆಗೆ ಹಾಕಬಹುದಾದ ಒಣ ಇಲೆಕ್ಟ್ರೋಡಿನ ಟೊಪ್ಪಿಯೊಂದು ತಾಲೂಕು ಆಸ್ಪತ್ರೆಯಲ್ಲಿದ್ದರೆ? ದಾಖಲೆಯನ್ನು ಫೋನಿನ ಮೂಲಕ ಕಳುಹಿಸಿ, ದೂರದಲ್ಲಿರುವ ನರರೋಗ ತಜ್ಞರು ಅದನ್ನು ಓದಿ ಹೇಳುವಂತಾದರೆ? ಇದು ಬರೀ ಕನಸಲ್ಲ. ನೆರೆಯ ಭೂತಾನದಲ್ಲಿ ಮೊಬೈಲ್ ಫೋನಿಗೆ ಜೋಡಿಸುವ, 14 ಇಲೆಕ್ಟ್ರೋಡುಗಳ ಇ.ಇ.ಜಿ. ಟೊಪ್ಪಿಯನ್ನು 205 ಜನರ ಮೇಲೆ ಪರೀಕ್ಷಿಸಿ, ಸಾಮಾನ್ಯ ಇ.ಇ.ಜಿ.ಯೊಂದಿಗೆ ಹೋಲಿಸಿ 2017ರಲ್ಲಿ ವರದಿ ಪ್ರಕಟಿಸಿದರು. ಟೊಪ್ಪಿಯು ದೋಷವಿಲ್ಲದವರಲ್ಲಿ ಸುಳ್ಳು ದೋಷ ತೋರಿಸಿದ್ದು ಬಹಳ ಕಡಿಮೆ. ಆದರೆ ಸಾಮಾನ್ಯ ಇ.ಇ.ಜಿ.ಯಲ್ಲಿ ದೋಷ ಕಂಡ ನೂರು ಜನರಲ್ಲಿ ಸುಮಾರು 39 ಜನರನ್ನು ಮಾತ್ರ ಅದು ಗುರುತಿಸಿತು. ಅಂದರೆ ಅದು "ಇದೆ" ಎಂದರೆ ನಂಬಬಹುದು, "ಇಲ್ಲ" ಎಂದರೆ ನಂಬಿ ಕೂರುವಂತಿಲ್ಲ. ಚಿಕ್ಕ ಯಂತ್ರಗಳ ಬಗ್ಗೆ ಸದ್ಯಕ್ಕೆ ನೆನಪಿಡಬೇಕಾದ ಮಾತು ಇದೇ.

ಮುಂದಿನ ದಿನಗಳಲ್ಲಿ ಅಪಸ್ಮಾರಕ್ಕಷ್ಟೇ ಅಲ್ಲ, ಮುಪ್ಪಿನ ಮರೆವಿಗೂ ಇ.ಇ.ಜಿ. ನೆರವಾದೀತು ಎಂಬ ಆಸೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಅವರ ತಂಡವು ವೃದ್ಧರಿಗೆ ಪರದೆಯ ಮೇಲೆ ಪಟ್ಟೆಪಟ್ಟೆ ಚಿತ್ರಗಳನ್ನು ತೋರಿಸುತ್ತಾ ಇ.ಇ.ಜಿ. ತೆಗೆದು, ಮರೆವಿನ ರೋಗದ ಆರಂಭದಲ್ಲಿರುವವರಲ್ಲಿ 'ಗಾಮಾ' ಎಂಬ ವೇಗದ ಅಲೆಗಳು ಕ್ಷೀಣವಾಗಿರುವುದನ್ನು 2021ರಲ್ಲಿ ಪ್ರಕಟಿಸಿತು. ಇದಿನ್ನೂ ಸಂಶೋಧನೆ, ಚಿಕಿತ್ಸಾಲಯದ ಪರೀಕ್ಷೆಯಲ್ಲ. ಇಂತಹದ್ದು ಹಳ್ಳಿಯ ಅಜ್ಜ ಅಜ್ಜಿಯರಿಗೆ ತಲುಪಬೇಕಾದರೆ ಸುಲಭವಾಗಿ ತಲೆಗೆ ಹಾಕುವ ಇಲೆಕ್ಟ್ರೋಡುಗಳೇ ಬೇಕಾಗುತ್ತವೆ. 2022ರಲ್ಲಿ ರಾಜ್ಯ ಸರ್ಕಾರವು ನಿಮ್ಹಾನ್ಸ್ ಜತೆಗೂಡಿ ಮಿದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು ಆರಂಭಿಸಿತು. ನಮ್ಮಂತಹ ಸಾಮಾನ್ಯ ವೈದ್ಯರಿಗೆ ನರರೋಗಗಳ ತರಬೇತಿ ಕೊಡುವುದು ಅದರ ಒಂದು ಭಾಗ. ಯಂತ್ರ ಹತ್ತಿರ ಬರುವ ಮೊದಲು ತಿಳಿವಳಿಕೆ ಹತ್ತಿರ ಬರಲಿ.

ಇ.ಇ.ಜಿ. ಸರಿಯಿದ್ದರೆ ರೋಗವಿಲ್ಲವೆಂದೇ?

ಅಲ್ಲ. ಪರೀಕ್ಷೆಯ ಅರ್ಧ ಗಂಟೆಯಲ್ಲಿ ಮಿದುಳು ಶಾಂತವಾಗಿದ್ದರೆ ಗೆರೆಗಳೂ ಶಾಂತವೇ. ಅಪಸ್ಮಾರವಿರುವವರಲ್ಲಿ ಮೊದಲ ಇ.ಇ.ಜಿ.ಯಲ್ಲಿ ದೋಷ ಕಾಣಿಸಿಕೊಳ್ಳುವುದು ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ. ಮತ್ತೆ ಮತ್ತೆ ಮಾಡಿದರೆ, ನಿದ್ದೆಯಲ್ಲಿ ತೆಗೆದರೆ ಈ ಪ್ರಮಾಣ ಏರುತ್ತದೆ. ಅದಕ್ಕಾಗಿಯೇ ಕೆಲವರಿಗೆ "ಹಿಂದಿನ ರಾತ್ರಿ ನಿದ್ದೆಗೆಟ್ಟು ಬನ್ನಿ" ಎನ್ನುತ್ತಾರೆ. ನಿದ್ದೆಗೆಟ್ಟರೆ ಅಡಗಿದ ದೋಷ ಹೊರಬರುತ್ತದೆ. ಅಪಸ್ಮಾರವಿರುವ ಹುಡುಗರು ಇಡೀ ರಾತ್ರಿ ಆಟ ನೋಡಿ ಬಂದ ಮರುದಿನ ಬೆಳಿಗ್ಗೆ ಬಿದ್ದದ್ದನ್ನು ನಾನು ಹಲವು ಬಾರಿ ಕಂಡಿರುವುದೂ ಇದೇ ಕಾರಣಕ್ಕೆ.

ನಮ್ಮ ರಾಜ್ಯದಲ್ಲಿ ವಿಶೇಷವಾಗಿ ಕಾಣುವ ಬಿಸಿನೀರಿನ ಅಪಸ್ಮಾರವೇ ಇದಕ್ಕೆ ಒಳ್ಳೆಯ ಉದಾಹರಣೆ. ಹಂಡೆಯ ಬಿಸಿನೀರನ್ನು ತಂಬಿಗೆ ತಂಬಿಗೆ ತಲೆಗೆ ಹೊಯ್ದುಕೊಳ್ಳುವಾಗ ಕೆಲವರು ಎಚ್ಚರ ತಪ್ಪುತ್ತಾರೆ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದರ ಬಗ್ಗೆ ಬರೆದರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂತಹ 279 ಜನರ ವಿವರ ಪ್ರಕಟಿಸಿದರು. ಬಚ್ಚಲಿನಿಂದ ಹೊರಗಿರುವಾಗ ತೆಗೆದ ಇ.ಇ.ಜಿ. ಇವರಲ್ಲಿ ಹೆಚ್ಚಿನವರಿಗೆ ಸರಿಯಾಗಿಯೇ ಇರುತ್ತದೆ. ರೋಗ ತಿಳಿಯುವುದು ಯಂತ್ರದಿಂದಲ್ಲ, ಮನೆಯವರು ಹೇಳುವ ಮಾತಿನಿಂದ. ನೀರಿನ ಬಿಸಿ ಕಡಿಮೆ ಮಾಡುವುದೇ ಇದಕ್ಕೆ ಮೊದಲ ಮದ್ದು.

ಇ.ಇ.ಜಿ.ಗೆ ಹೋಗುವ ಮುನ್ನ

1. ಹಿಂದಿನ ದಿನ ತಲೆಗೆ ಶಾಂಪೂ ಅಥವಾ ಸಾಬೂನು ಹಾಕಿ ಚೆನ್ನಾಗಿ ಮೀಯಿಸಿ. ಆಮೇಲೆ ಎಣ್ಣೆ ಹಚ್ಚಲೇಬೇಡಿ. ಕೂದಲು ಪೂರ್ತಿ ಒಣಗಿರಲಿ.

2. ಬಿಗಿ ಜಡೆ, ಹೂವು, ಕ್ಲಿಪ್ಪುಗಳು ಬೇಡ. ತಲೆ ಬೋಳಿಸುವ ಅಗತ್ಯವಿಲ್ಲ.

3. ಹಸಿದ ಹೊಟ್ಟೆಯಲ್ಲಿ ಹೋಗಬೇಡಿ. ಗಂಜಿಯೋ ತಿಂಡಿಯೋ ತಿಂದು ಹೋಗಿ.

4. ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆಂದು ನೀವಾಗಿ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಪ್ರಾಣಾಪಾಯದ ಸೆಳೆತ ಬರಬಹುದು.

5. ನಿದ್ದೆ ಬಿಡಬೇಕೇ ಬೇಡವೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

6. ಸೆಳೆತ ಅಥವಾ ಮಂಕು ಬಂದಾಗ ಮನೆಯ ಇನ್ನೊಬ್ಬರು ಮೊಬೈಲಿನಲ್ಲಿ ಚಿತ್ರೀಕರಿಸಿ ತಂದರೆ ವೈದ್ಯರಿಗೆ ಬಹಳ ಉಪಕಾರ. ಹಳೆಯ ಚೀಟಿಗಳನ್ನೂ ತನ್ನಿ.

7. ಪರೀಕ್ಷೆ ಮುಗಿದ ಬಳಿಕ ಉಗುರುಬೆಚ್ಚಗಿನ ನೀರಿನಲ್ಲಿ ಕೂದಲು ನೆನೆಸಿ, ಬಾಚಿ, ಮತ್ತೆ ಶಾಂಪೂ ಹಾಕಿದರೆ ಪೇಸ್ಟು ಬಿಡುತ್ತದೆ. ಒಣಗಿದ ಪೇಸ್ಟನ್ನು ಎಳೆಯಬೇಡಿ.

ಯಾರಿಗಾದರೂ ಸೆಳೆತ ಬಂದರೆ ಕೈಗೆ ಕಬ್ಬಿಣ, ಕೀಲಿಕೈ ಕೊಡುವುದರಿಂದ ಏನೂ ಪ್ರಯೋಜನವಿಲ್ಲ. ಬಾಯಿಗೆ ನೀರು, ಚಮಚ ಹಾಕಬೇಡಿ. ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಹೆಣ್ಣುಮಕ್ಕಳ ಮದುವೆಯ ಚಿಂತೆಯಿಂದ ರೋಗವನ್ನು ಮುಚ್ಚಿಡುವ ತಂದೆತಾಯಿಯರಿಗೆ ಒಂದು ಮಾತು: ಅಪಸ್ಮಾರವಿದ್ದರೆ ವಿವಾಹವೇ ಸಿಂಧುವಲ್ಲ ಎಂದು ವಾದಿಸಲು ಅವಕಾಶವಿದ್ದ ಅಂಶವನ್ನು 1999ರಲ್ಲೇ ಹಿಂದೂ ವಿವಾಹ ಕಾಯಿದೆಯಿಂದ ತೆಗೆದುಹಾಕಲಾಗಿದೆ. ಮುಚ್ಚಿಟ್ಟ ರೋಗ ಬಾವಿಕಟ್ಟೆಯಲ್ಲಿ, ಒಲೆಯ ಮುಂದೆ, ದೋಣಿಯಲ್ಲಿ, ರಸ್ತೆಯಲ್ಲಿ ಪ್ರಾಣ ತೆಗೆಯಬಹುದು. ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚಿನವರು ಎಲ್ಲರಂತೆ ಬದುಕುತ್ತಾರೆ.

ಬೈಂದೂರಿನ ಆ ಮಗು ಎರಡನೆಯ ಸಲ ಹೋಗುವಾಗ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿದ್ದೆ. ಅಜ್ಜಿಯೇ ಸಾಬೂನು ಹಾಕಿ ಮೀಯಿಸಿ ಕಳುಹಿಸಿದರಂತೆ. ಊದಲು ಹೇಳಿದಾಗ ಸೆಕೆಂಡಿಗೆ ಮೂರರಂತೆ ಚೂಪು ಅಲೆಗಳು ಎಲ್ಲ ಗೆರೆಗಳಲ್ಲೂ ಸ್ಪಷ್ಟವಾಗಿ ಬಂದವು. ನರರೋಗ ತಜ್ಞರು ಮಾತ್ರೆ ಆರಂಭಿಸಿದರು. ಮೊನ್ನೆ ತಾಯಿ ಮಗಳು ಬಂದಿದ್ದರು. ಮಗಳ ಜಡೆಯಲ್ಲಿ ಎಣ್ಣೆಯೂ ಇತ್ತು, ಹೂವೂ ಇತ್ತು. ಉಕ್ತಲೇಖನದ ಹೊಸ ಪುಸ್ತಕವನ್ನು ಕೇಳದೆಯೇ ನನ್ನ ಮೇಜಿನ ಮೇಲಿಟ್ಟಳು. ಪುಟ ತಿರುಗಿಸಿ ನೋಡಿದೆ. ಎಲ್ಲಿಯೂ ಶಬ್ದ ಬಿಟ್ಟಿರಲಿಲ್ಲ.

ನಿಮ್ಮ ಮನೆಯ ಮಗುವೂ ಹೀಗೆ ಆಗಾಗ 'ಎಲ್ಲೋ ನೋಡುತ್ತಾ' ನಿಂತುಬಿಡುತ್ತಿದ್ದರೆ ಗದರಿಸುವ ಮೊದಲು ಒಮ್ಮೆ ನಿಮ್ಮ ವೈದ್ಯರಿಗೆ ತೋರಿಸಿ. ಒಣ ಇಲೆಕ್ಟ್ರೋಡಿನ ಟೊಪ್ಪಿ ನಮ್ಮ ತಾಲೂಕಿಗೆ ಬರುವ ದಿನ ಬರಲಿ. ಅಲ್ಲಿಯವರೆಗೆ ಪೇಸ್ಟಿಗೆ ಹೆದರಿ ಪರೀಕ್ಷೆಯನ್ನು ಮುಂದೂಡಬೇಡಿ.